ಅವಳ ಅಕ್ಕನ ದೇಶದ ರಾಕೆಟ್

ರಾಕೆಟ್ ಬಿದ್ದದ್ದು ಸಮುದ್ರಕ್ಕೆ. ಪಕ್ಕದ ಮನೆಯ ಕೊರಿಯಾದ ಮುದುಕಿಯ ಆಸೆಯನ್ನು ಮುಗಿಸಿದವಳು ನಾನು. "ನೀನೇನು ಬೇಕೂಂತ ಮಾಡಿದ್ಯಾ, ಬಿಡಮ್ಮ" ಎಂದು ಮಗಳು ಈಗಲೂ ಹೇಳುತ್ತಾಳೆ. ಬೇಕೆಂದು ಮಾಡಲಿಲ್ಲ. ಮಾಡಿದ್ದಂತೂ ಹೌದು.

ನಾವಿರುವುದು ಅಮೆರಿಕದ ಆಶ್‌ಬರ್ನ್‌ನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲಿನಲ್ಲಿ. ಆ ಮುದುಕಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಇಬ್ಬರಿಗೂ ಮಂಡಿನೋವು. ಸಂಜೆ ಹೊತ್ತು ಕೊಳದ ಸುತ್ತ ಜೊತೆಯಲ್ಲಿ ನಡೆಯುತ್ತಿದ್ದೆವು. ಆಚೆಗೆ ಡೇಟಾ ಸೆಂಟರುಗಳು ಗುಂಯ್ ಎನ್ನುತ್ತಿದ್ದವು, ನಾವಿಬ್ಬರೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ನಾನು ಓದಿದ್ದು ನಾಲ್ಕನೇ ಕ್ಲಾಸು, ಇಂಗ್ಲಿಷ್ ಬಾರದು, ಅವಳದು ಹರುಕುಮುರುಕು. ಎರಡು ವರ್ಷ ಕೈಸನ್ನೆಯಲ್ಲೇ ಕಳೆಯಿತು. ಅವಳ ಹಿಂದುಮುಂದು ನನಗೇನೂ ಗೊತ್ತಿರಲಿಲ್ಲ.

ನಮ್ಮವರ ನೌಕೆ ಚಂದ್ರನ ಮೇಲೆ ಇಳಿದದ್ದನ್ನು ಇಲ್ಲಿ ಬೆಳಿಗ್ಗೆ ಟೀವಿಯಲ್ಲಿ ನೋಡಿದೆವು. ನಾನು ಕೇಸರಿಬಾತ್ ಮಾಡಿ ಬೀದಿಯಲ್ಲಿರುವ ನಮ್ಮವರ ಮನೆಗಳಿಗೆಲ್ಲ ಕೊಟ್ಟೆ. ಅದೇ ದಿನ ಸಂಜೆ ಅದೇ ಟೀವಿಯಲ್ಲಿ ಇನ್ನೊಂದು ರಾಕೆಟ್. ಕೊರಿಯಾದವರು ಬೇಹುಗಾರಿಕೆಯ ಉಪಗ್ರಹ ಹಾರಿಸಲು ಹೋಗಿ ಅದು ಕೆಟ್ಟು ಸಮುದ್ರಕ್ಕೆ ಬಿತ್ತೆಂದು ಮೊಮ್ಮಗಳು ಓದಿ ಹೇಳಿದಳು.

"ಪಾಪ ಕಣೇ. ನಮ್ದೂ ಹೋದ ಸಲ ಬಿದ್ದಿರ್ಲಿಲ್ವಾ? ಬಾ, ಪಕ್ಕದ್ಮನೆಯವಳನ್ನ ಮಾತಾಡಿಸ್ಕೊಂಡು ಬರೋಣ."

"ಅಜ್ಜಿ, ನೋ! ಇದು ನಾರ್ತ್. ಆ ಅಜ್ಜಿ ಸೌತ್. ಡಿಫರೆಂಟ್ ಕಂಟ್ರಿ."

"ಧಾರವಾಡದವ್ರು ಬೇರೆ, ಮೈಸೂರಿನವ್ರು ಬೇರೆನಾ? ನಡಿ ಸುಮ್ನೆ."

ಉಳಿದ ಕೇಸರಿಬಾತನ್ನು ಡಬ್ಬಿಗೆ ತುಂಬಿಕೊಂಡು ಹೋದೆ. ಅವಳೂ ಟೀವಿ ಮುಂದೆಯೇ ಕೂತಿದ್ದಳು, ಕಣ್ಣು ಕೆಂಪಾಗಿದ್ದವು. ರಾಕೆಟ್ ಬಿದ್ದ ದುಃಖ ಎಂದುಕೊಂಡೆ. ಮೊಮ್ಮಗಳ ಬಾಯಲ್ಲಿ ಹೇಳಿಸಿದೆ: "ಅಳಬೇಡಿ. ನಿಮ್ಮವ್ರು ಮತ್ತೆ ಬಿಡ್ತಾರೆ. ಮೇಲಕ್ಕೆ ಹೋಗೇ ಹೋಗುತ್ತೆ. ಬಾಯಿ ಸಿಹಿ ಮಾಡ್ಕೊಳ್ಳಿ."

ಅವಳು ಡಬ್ಬಿ ಮುಟ್ಟಲಿಲ್ಲ. ತನ್ನ ಹರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದಳು. ಹುಡುಗಿ ತುಂಡು ತುಂಡಾಗಿ ಕನ್ನಡಕ್ಕೆ ತಂದಳು. ದೇಶ ಎರಡಾಗಿ ಯುದ್ಧ ನಡೆದಾಗ ಇವಳು ಕೂಸು. ತಂದೆಯ ಬೆನ್ನ ಮೇಲೆ ಗಡಿಯ ಈಚೆಗೆ ಬಂದಳು. ಅಕ್ಕ ಆಚೆ, ಈಗ ರಾಕೆಟ್ ಬಿಟ್ಟವರ ಕಡೆ ಉಳಿದಳು. ಆ ದೇಶದಿಂದ ಕಾಗದವಿಲ್ಲ, ಫೋನಿಲ್ಲ, ಸತ್ತರೂ ತಿಳಿಯದು. ಹೀಗೆ ಅಗಲಿದವರ ಪಟ್ಟಿಯೊಂದು ಅವರ ಚರ್ಚಿನಲ್ಲಿದೆ. ಸರ್ಕಾರಗಳು ಒಪ್ಪಿದರೆ ವಿಡಿಯೋದಲ್ಲಾದರೂ ಮುಖ ತೋರಿಸುತ್ತಾರಂತೆ. ರಾಕೆಟ್ ಬಿಟ್ಟಾಗಲೆಲ್ಲ ಆ ಮಾತುಕತೆ ನಿಂತುಹೋಗುತ್ತದಂತೆ.

"ಆ ನಾರ್ತ್‌ನವ್ರಿಗೆ ಸ್ಕೈಯಿಂದ ಎಲ್ಲಾರ್ನೂ ನೋಡ್ಬೇಕಂತೆ, ಅಜ್ಜಿ. ಈ ಅಜ್ಜಿ ಹತ್ರ ಸಿಸ್ಟರ್‌ದು ಒಂದು ಫೋಟೋನೂ ಇಲ್ವಂತೆ."

ಮುದುಕಿ ಇನ್ನೂ ಏನೋ ಹೇಳಿದಳು.

"ನಾಳೆ ಮಾರ್ನಿಂಗ್ ಚರ್ಚ್‌ಗೆ ಹೋಗಿ ಲಿಸ್ಟಿಂದ ನೇಮ್ ತೆಗೆಸ್ತಾರಂತೆ."

"ಯಾಕಂತೆ? ಕೇಳೇ."

"ನೀನೇ ಹೇಳಿದ್ಯಲ್ಲಾ, ಅವ್ರು ಮತ್ತೆ ಬಿಡ್ತಾರೆ ಅಂತ. ಅದು ಕರೆಕ್ಟ್ ಅಂತೆ. ವೇಟ್ ಮಾಡಿ ಸಾಕಾಯ್ತಂತೆ."

ಡಬ್ಬಿ ವಾಪಸ್ಸು ತಂದೆ. ಮಗಳು ಏನಾಯಿತೆಂದು ಕೇಳಿದಳು, ಮೊಮ್ಮಗಳು ಹೇಳಿದಳು, ನಾನು ಊಟ ಮಾಡಲಿಲ್ಲ. ಆ ದೇಶದವರು ನಾನಂದಂತೆಯೇ ಮಾಡಿದರು. ಚಳಿ ಶುರುವಾಗುವ ಹೊತ್ತಿಗೆ ಇನ್ನೊಂದು ಬಿಟ್ಟರು. ಅದು ಮೇಲಕ್ಕೆ ಹೋಗಿ ನಿಂತಿತು.

ಡಬ್ಬಿ ವಾಪಸ್ಸು ತಂದ ಮಾರನೆಯ ಬೆಳಿಗ್ಗೆ ನಾನು ಬೇಗ ಸ್ನಾನ ಮಾಡಿ ಒಗೆದ ಸೀರೆ ಉಟ್ಟು, ಅವಳ ಸೊಸೆ ಕಾರು ತೆಗೆಯುವ ಹೊತ್ತಿಗೆ ಅವರ ಡ್ರೈವ್‌ವೇಯಲ್ಲಿ ನಿಂತೆ. ಯಾರೂ ಕರೆದಿರಲಿಲ್ಲ. ಹೆಸರು ಇರಲಿ ಎನ್ನಲು ನನಗೆ ಅವಳ ಭಾಷೆ ಬಾರದು. ಬಂದಿದ್ದರೂ ಇನ್ನೊಮ್ಮೆ ಬಾಯಿ ಹಾಕುವ ಧೈರ್ಯವಿರಲಿಲ್ಲ. ಅವಳು ಹಿಂದಿನ ಸೀಟಿನಲ್ಲಿ ನೇರ ನೋಡುತ್ತ ಕೂತಿದ್ದಳು. ಇನ್ನೊಂದು ಕಡೆಯ ಬಾಗಿಲು ತೆಗೆದು ನಾನೂ ಹತ್ತಿ ಕೂತು, ಬೆಲ್ಟ್ ಹಾಕಿಕೊಂಡೆ.