ಕಂಪೌಂಡರು ಕಲಿಸಿದ ಮಾತು

ಕಂಪೌಂಡರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸೊರಬದ ಕಡೆ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಎಮ್ಮೆಯೊಂದು ತುಳಿದಿತ್ತಂತೆ. ಉಗುರಿದ್ದ ಜಾಗ ನುಣುಪಾಗಿ, ಬಾಣಂತಿಯ ಮಡಿಲಲ್ಲಿರುವ ಕೂಸಿನ ಚರ್ಮದಂತಿತ್ತು. ನಮ್ಮ ಗಿರಣಿಗೆ ಜೋಳ ಬೀಸಿಸಲು ಬಂದಾಗಲೆಲ್ಲ ಬಿಸಿ ಹಿಟ್ಟನ್ನು ಆ ಹೆಬ್ಬೆರಳಿನಲ್ಲೇ ತಿಕ್ಕಿ ನೋಡಿ, ಇನ್ನೂ ಸ್ವಲ್ಪ ನುಣ್ಣಗಾಗಬೇಕಿತ್ತು ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಿಕಾರಿಪುರದಲ್ಲಿ ಬೇರೆ ಗಿರಣಿಗಳೂ ಇವೆ, ಅಲ್ಲಿಗೇ ಹೋಗಿ ಎಂದು ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೂ ಉಂಟು. ಮರುವಾರ ಏನೂ ಆಗದವರಂತೆ ಚೀಲ ಹೊತ್ತು ಮತ್ತೆ ಬಂದರು.

ಗಿರಣಿ ನನ್ನ ಯಜಮಾನರದು. ಅವರು ಎದೆನೋವು ಬಂದು ಒಂದೇ ದಿನದಲ್ಲಿ ಹೋಗಿಬಿಟ್ಟ ಮೇಲೆ ನಾನು ನಡೆಸತೊಡಗಿದೆ. ಅವರು ಸಾಕಿದ ನಾಯಿ ಕೆಂಚನೂ ನನ್ನ ಪಾಲಿಗೆ ಬಂದ. ಮೋಟಾರಿನ ಸ್ವಿಚ್ಚು ಹಾಕುತ್ತಿದ್ದವರು ಯಾವಾಗಲೂ ಯಜಮಾನರೇ. ಹಾಗಾಗಿ ಮೋಟಾರಿನ ಸದ್ದು ಶುರುವಾದೊಡನೆ ಅವರು ಬಂದರೆಂದುಕೊಂಡು ಕೆಂಚ ಓಡಿ ಬರುತ್ತಿದ್ದ. ಸ್ವಿಚ್ಚಿನ ಬಳಿ ನನ್ನನ್ನು ಕಂಡು, ಚೀಲಗಳ ಸಂದಿಯಲ್ಲೆಲ್ಲ ಹುಡುಕಿ, ಕೊನೆಗೆ ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತಿದ್ದ. ದಿನಕ್ಕೆ ಹತ್ತು ಸಲ ಮೋಟಾರು ಹಾಕಿದರೆ ಹತ್ತು ಸಲವೂ ಇದೇ. ನಾನು ಅಳುವುದನ್ನು ಬಿಟ್ಟಿದ್ದೆ, ಅವನು ಹುಡುಕುವುದನ್ನು ಬಿಟ್ಟಿರಲಿಲ್ಲ. ಒಂದು ದಿನ ಮುದುಕಿಯೊಬ್ಬರ ಸೆರಗು ಕಚ್ಚಿ ಹರಿದುಹಾಕಿದ. ನಮ್ಮ ಭಾವನವರು, ಭಾನುವಾರ ಇದನ್ನು ದೂರ ಬಂದಳಿಕೆ ಊರಿನ ಕಡೆ ಒಯ್ದು ಬಿಟ್ಟುಬರುತ್ತೇನೆ ಎಂದರು. ನಾನು ಹೂಂ ಅಂದೆ. ಹೂಂ ಅಂದವಳು ನಾನೇ, ಈಗ ಮುಚ್ಚಿಟ್ಟು ಏನಾಗಬೇಕು. ಸಾಲಿನಲ್ಲಿ ನಿಂತಿದ್ದ ಕಂಪೌಂಡರು ಅದನ್ನು ಕೇಳಿಸಿಕೊಂಡು, ಹದಿನೈದು ದಿನ ತಡೆಯಿರಿ ಎಂದು ಭಾವನವರನ್ನು ಒಪ್ಪಿಸಿದರು.

ಏನೋ ಔಷಧಿ ಹಾಕುತ್ತಾರೆಂದುಕೊಂಡಿದ್ದೆ. ಮಾರನೆಯ ದಿನ ಮಧ್ಯಾಹ್ನ ಗಿರಣಿ ನಿಂತಿದ್ದ ಹೊತ್ತಿಗೆ ಬರಿಗೈಯಲ್ಲಿ ಬಂದರು. ಒಂದು ಗೋಣಿತಾಟನ್ನು ನಾಲ್ಕು ಮಡಿಕೆ ಮಾಡಿ ಹಿತ್ತಲಲ್ಲಿ ಹಾಸಿ, ಪಕ್ಕದಲ್ಲಿ ಗೋಡೆಗೊರಗಿ ಸುಮ್ಮನೆ ಕುಳಿತರು. ನನ್ನನ್ನೂ ಕೂರಿಸಿದರು.

"ಮೊದ್ಲು ನಿನ್ನ ಉಸಿರು ಇಳೀಲಿ ತಂಗಿ. ನಿಂದು ಇಳೀದೆ ಅವನ್ದು ಇಳಿಯಲ್ಲ."

ಕೆಂಚ ತಾಟಿನ ಮೇಲೆ ಬಂದ, ಮೂಸಿದ, ಹೋದ. ಮತ್ತೆ ಬಂದು ಕುಳಿತ, ಎದ್ದ. ಕಂಪೌಂಡರು ಕರೆಯಲಿಲ್ಲ, ಗದರಲಿಲ್ಲ. ಹತ್ತಿರ ಬಂದಾಗ ಅವನ ಕಿವಿಯ ಬುಡವನ್ನು ಆ ಉಗುರಿಲ್ಲದ ಹೆಬ್ಬೆರಳಿನಿಂದ ನಿಧಾನವಾಗಿ ನೀವುತ್ತಿದ್ದರು. ಮೂರನೆಯ ದಿನ ಅವನ ಸೊಂಟ ಒಂದು ಮಗ್ಗುಲಿಗೆ ವಾಲಿತು, ಗದ್ದ ನೆಲಕ್ಕೆ ತಾಗಿತು, ದೊಡ್ಡದೊಂದು ಉಸಿರು ಹೊರಬಿತ್ತು. ಆಗ ಕಂಪೌಂಡರು ಮೆಲ್ಲಗೆ "ನಿರಾಳ" ಎಂದು, ರೊಟ್ಟಿಯ ಚೂರೊಂದನ್ನು ಅವನ ಮುಂಗಾಲುಗಳ ನಡುವೆ ಇಟ್ಟರು. ಅವನಿಗೆ ಕಲಿಸಲು ಈ ಮಾತೇ ಯಾಕೆ, ಆರಾಮ ಎಂದರೆ ಆಗದೇ ಎಂದು ನಾನು ಮೊದಲೇ ಕೇಳಿದ್ದೆ. ಗಿರಣಿಗೆ ಬಂದವರೆಲ್ಲ ನಿನ್ನನ್ನು ಆರಾಮಾ ಎಂದು ಕೇಳುತ್ತಾರೆ, ಪ್ರತಿ ಸಲವೂ ಅವನು ಮಲಗಬೇಕೇನು ಎಂದು ನಕ್ಕಿದ್ದರು.

ಮಾಡಬಾರದ್ದನ್ನು ನಾನು ಐದನೆಯ ದಿನ ಮಾಡಿದೆ. ಗಿರಾಕಿಗಳು ಕಾದಿದ್ದರು, ಮೋಟಾರು ಹಾಕಿದೆ, ಕೆಂಚ ಬೊಗಳುತ್ತ ನುಗ್ಗಿದ. ನಾನು ನಿರಾಳ, ನಿರಾಳ ಎಂದು ಅವನ ಮೇಲೆ ಕೂಗಿಕೊಂಡೆ. ಕಂಪೌಂಡರು ಬಂದು ಮೋಟಾರು ಆರಿಸಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈಗ ಅವನು ನಿರಾಳ ಇದಾನಾ? ಇಲ್ಲ. ಮತ್ಯಾಕೆ ಸುಳ್ಳು ಹೇಳ್ತೀ? ನಿಜ ಇದ್ದಾಗ ಅಷ್ಟೇ ಆ ಮಾತು ಆಡು. ಸುಳ್ಳಿಗೆ ಬಳಸಿದ್ರೆ ಮಾತು ಕೆಡ್ತದೆ, ಆಮೇಲೆ ಅವನು ನಂಬಲ್ಲ."

ಮತ್ತೆ ಮೊದಲಿನಿಂದ ಶುರುವಾಯಿತು. ಮೋಟಾರು ಓಡುವಾಗ ತಾಟನ್ನು ಹಿತ್ತಲ ತುದಿಯಲ್ಲಿ ಹಾಸುವುದು, ಅವನು ಹಗುರಾದ ಮೇಲಷ್ಟೇ ಆ ಮಾತು ಹೇಳುವುದು, ಮರುದಿನ ತಾಟನ್ನು ನಾಲ್ಕು ಹೆಜ್ಜೆ ಒಳಗೆ ತರುವುದು. ಹದಿನಾಲ್ಕನೆಯ ದಿನ ನಾನು ಸ್ವಿಚ್ಚು ಹಾಕಿದಾಗ ಕೆಂಚ ಸ್ವಿಚ್ಚು ನೋಡಿದ, ನನ್ನನ್ನು ನೋಡಿದ. ನಿರಾಳ ಅಂದೆ. ಹೋಗಿ ತಾಟಿನ ಮೇಲೆ ಮಲಗಿ ಉಸಿರು ಬಿಟ್ಟ. ನಾನು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಭಾವನವರು ಆಮೇಲೆ ಭಾನುವಾರದ ಮಾತೆತ್ತಲಿಲ್ಲ.

ಈ ವರ್ಷ ಕಂಪೌಂಡರು ಗಿರಣಿಗೆ ಬರುವುದು ನಿಂತಿತು. ಸೊರಬದ ಹತ್ತಿರ ಕುಪ್ಪಗಡ್ಡೆಯಲ್ಲಿ ತಮ್ಮನ ಮನೆಯಲ್ಲಿದ್ದಾರೆ, ಶ್ವಾಸಕೋಶ ಪೂರ್ತಿ ಹೋಗಿದೆ, ಡಾಕ್ಟರು ಕೈಚೆಲ್ಲಿದ್ದಾರೆ ಎಂದು ಅವರ ಮಗಳೇ ಬಂದು ಹೇಳಿದಳು. ಅಪ್ಪನಿಗೆ ಮಾತ್ರ ಬರೀ ಕಫ ಎಂದು ಹೇಳಿದ್ದಾರಂತೆ. ಮರುದಿನವೇ ಸೊರಬದ ಬಸ್ಸು ಹಿಡಿದು ಹೋದೆ. ದಿಂಬಿಗೊರಗಿ ಕುಳಿತಿದ್ದರು, ಕೂತಲ್ಲೇ ಏದುಸಿರು. ಮೊದಲು ಕೇಳಿದ್ದು ಕೆಂಚನನ್ನು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಇವ್ರು ಯಾರೂ ನಿಜ ಹೇಳಲ್ಲ. ನೀನು ಹೇಳು ತಂಗಿ. ನಾನು ಉಳೀತೀನಾ?"

ಬಾಗಿಲಲ್ಲಿ ನಿಂತಿದ್ದ ಮಗಳು ಬೇಡವೆಂದು ಕೈಮುಗಿದಳು. ನಾನು ಎಂಥ ಹೇಡಿ ಎಂದು ಆವತ್ತು ತಿಳಿಯಿತು.

"ಏನೂ ಆಗಲ್ರೀ. ಮುಂದಿನ ವಾರ ಜೋಳ ತಗೊಂಡು ಬರ್ತೀರಿ. ನಿರಾಳವಾಗಿರ್ರಿ."

ಬಾಯಿಂದ ಬಿದ್ದ ಮೇಲೆ ತಿಳಿಯಿತು, ಯಾವ ಮಾತು ಆಡಿದೆ ಎಂದು. ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಹೆಬ್ಬೆರಳು ನನ್ನ ಅಂಗೈಯಿಂದ ಮೆಲ್ಲಗೆ ಜಾರಿತು.

"ಆ ಮಾತು ಕೆಂಚನಿಗೆ ಇರ್ಲಿ ಬಿಡು" ಎಂದು ಗೋಡೆಯ ಕಡೆ ಮಗ್ಗುಲಾದರು.

ನನ್ನನ್ನು ಅವರು ಏನಾದರೂ ಕೇಳಿದ್ದಿದ್ದರೆ ಅದೊಂದನ್ನೇ. ಯಾರೂ ಕೊಡದ್ದನ್ನು ನಾನು ಕೊಡುತ್ತೇನೆಂದು ನಂಬಿ ಕೇಳಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಫೋನು ಬಂತು. ಮೋಟಾರು ಆರಿಸಿ ಹಿತ್ತಲಿಗೆ ಹೋಗಿ ಗೋಣಿತಾಟಿನ ಮೇಲೆ ಕುಳಿತೆ. ಕೆಂಚ ಹಿಂದೆಯೇ ಬಂದ. ರೂಢಿಯಂತೆ ನಿರಾಳ ಅಂದೆ. ಮಲಗಲಿಲ್ಲ. ನನ್ನ ಎದುರಿಗೆ ನಿಂತು ಮುಖವನ್ನೇ ನೋಡಿದ. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ನನ್ನ ಉಸಿರೇ ಇನ್ನೂ ಇಳಿದಿರಲಿಲ್ಲ.

"ಕಂಪೌಂಡ್ರು ಹೋದ್ರು ಕಣೋ" ಅಂದೆ.

ಅವನು ನಿಂತೇ ಇದ್ದ. ಒಳಗೆ ಚೀಲ ಇಟ್ಟುಕೊಂಡು ಕಾಯುತ್ತಿದ್ದವರು ಮೋಟಾರು ಯಾಕೆ ನಿಂತಿತು ಎಂದು ಕೇಳುತ್ತಿದ್ದರು.