ನಮ್ಮ ಜೀಪಿಗೆ ಉದ್ದ ತೋಳು ಬಂದದ್ದು

ದಾರಿಯಲ್ಲಿ ಎದುರಾದವರ ಮುಖ ನೋಡಿ ಮಾತಾಡಿಸುವುದು ಸಭ್ಯರ ಲಕ್ಷಣ. ನಾನು ಗಾಡಿಗಳ ಕೆಳಹೊಟ್ಟೆ ನೋಡುತ್ತೇನೆ. ಎಲ್ಲಾದರೂ ಲಾರಿ ನಿಂತಿದ್ದರೆ ಸಾಕು, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಅದರ ಅಚ್ಚು ಎಲ್ಲಿ ಕೂತಿದೆ, ಯಾವುದಕ್ಕೆ ಜೋತುಬಿದ್ದಿದೆ ಎಂದು ಕಣ್ಣಾಡಿಸಿಯೇ ಮುಂದೆ ಹೋಗುವುದು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವನಿಗೆ ಈ ಚಾಳಿ ಹೇಗೆ ಅಂಟಿತೆಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಅಂಟಿಸಿದವಳು ನನ್ನ ಹೆಂಡತಿ. ಸರಿಯಾಗಿ ಹೇಳಬೇಕೆಂದರೆ, ಅವಳ ಬೆನ್ನು.

ಪದ್ಮಾವತಿ ನರ್ಸು. ನಮ್ಮ ಮನೆ ಜಮಖಂಡಿಯಲ್ಲಿ, ಅವಳ ಕೆಲಸ ಹೊಳೆಯ ಕಡೆಯ ಮೂರು ಹಳ್ಳಿಗಳಲ್ಲಿ. ಡಾಂಬರು ಮುಗಿದ ಮೇಲೆ ಆರೇಳು ಮೈಲಿ ಎರೆಮಣ್ಣಿನ ದಾರಿ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿಗಳು ಕೊರೆದ ಗುಂಡಿಗಳು ಬೇಸಿಗೆಯಲ್ಲಿ ಒಣಗಿ ಕಲ್ಲಾಗಿ ನಿಲ್ಲುತ್ತವೆ. ಬಸ್ಸು ಅತ್ತ ಸುಳಿಯುತ್ತಿರಲಿಲ್ಲ. ಹಾಗಾಗಿ ಮಿಲಿಟರಿಯವರು ಹರಾಜಿಗೆ ಹಾಕಿದ್ದ ಹಳೆಯ ಜೀಪೊಂದನ್ನು ಕೊಂಡಿದ್ದೆ. ಸಾಲೆ ಶುರುವಾಗುವ ಮೊದಲು ಅವಳನ್ನು ಬಿಟ್ಟುಬರುವುದು, ಸಂಜೆ ಕರೆತರುವುದು ನನ್ನ ಪಾಳಿ. ಯುದ್ಧಕ್ಕೆಂದು ಮಾಡಿದ ಗಾಡಿ, ಒಳಗೆ ಕೂತವರನ್ನೂ ಶತ್ರುಗಳಂತೆಯೇ ಕಾಣುತ್ತಿತ್ತು.

ಎರಡನೆಯ ವರ್ಷ ಅವಳಿಗೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮಿರಜಿನ ಡಾಕ್ಟರರು ಬೆನ್ನಿನ ಮಣಿಗಳ ನಡುವಿನ ಮೆತ್ತೆ ಸರಿದಿದೆ ಎಂದರು. ಮೂರು ತಿಂಗಳು ಹಲಗೆಯ ಮೇಲೆ ಮಲಗಬೇಕು. ಎದ್ದ ಮೇಲೂ ಅಂಥ ದಾರಿಯಲ್ಲಿ ಅಂಥ ಜೀಪು ಹತ್ತಕೂಡದು. ಪಡಸಾಲೆಯ ಕಿಟಕಿಯ ಪಕ್ಕ ಹಲಗೆ ಹಾಕಿಸಿದೆ. ಹಳ್ಳಿಯ ಹೆಂಗಸರು ಚಕ್ಕಡಿ ಕಟ್ಟಿಕೊಂಡು ಬಂದು, "ನೀವಿಲ್ಲಂದ್ರ ನಮ್ಮ ಸೊಸಿ ಬಾಣಂತನಾ ಹೆಂಗ್ರಿ, ನರ್ಸಬಾಯಿ" ಎಂದು ಕಣ್ಣೊರಸಿಕೊಂಡು ಹೋದರು. ಅವರು ಹೋದ ಮೇಲೆ ಅವಳು ಮಲಗಿದಲ್ಲೇ, ತನ್ನನ್ನು ಕಚೇರಿಯ ಕೆಲಸಕ್ಕೆ ಹಾಕಿರೆಂದು ಅರ್ಜಿ ಬರೆದಳು. ಅಂದು ಊಟ ಮಾಡಲಿಲ್ಲ.

"ನೀ ಎದ್ದ ಅಡ್ಡ್ಯಾಡೂತನಕ ಅರ್ಜಿ ಕೊಡಬ್ಯಾಡ," ಎಂದೆ. "ಅಷ್ಟರಾಗ ಜೀಪು ಮೆತ್ತಗ ಮಾಡತೇನಿ."

"ಜೀಪೇನ ರೊಟ್ಟಿ ಹಿಟ್ಟೇನ್ರಿ, ನಾದಿದ್ರ ಮೆತ್ತಗಾಗಾಕ?"

ಆ ಕಾಲಕ್ಕೆ ಚಿಕ್ಕಪಡಸಲಗಿಯ ಕಡೆ ರೈತರು, ಯಾರ ದಾರಿಯನ್ನೂ ಕಾಯದೆ ತಾವೇ ಕೃಷ್ಣೆಗೆ ಒಡ್ಡು ಕಟ್ಟುವ ಮಾತು ಎತ್ತಿದ್ದರು. ಹೊಳೆಯನ್ನೇ ನಿಲ್ಲಿಸುತ್ತೇವೆ ಎನ್ನುವ ಜನರ ನಡುವೆ ಇದ್ದುಕೊಂಡು ನಾಲ್ಕು ಗಾಲಿಗೆ ಹೆದರುವುದೆಂದರೆ ಏನು? ಅಲ್ಲದೆ ನನ್ನ ಹತ್ತಿರ ವಿದ್ಯೆಯೂ ಇತ್ತು. ‘ಖ’ ಎಂದರೆ ತೂತು, ಗಾಲಿಯ ನಡುವೆ ಅಚ್ಚು ಕೂರುವ ತೂತು. ಅದು ನೆಟ್ಟಗಿದ್ದರೆ ಸು-ಖ, ಕೆಟ್ಟರೆ ದುಃ-ಖ ಎಂದು ಪಂಡಿತರು ಬಿಡಿಸುವುದುಂಟು. ಪ್ರತಿ ವರ್ಷ ಇದನ್ನು ಹೇಳಿ ಮಕ್ಕಳನ್ನು ಬೆರಗುಗೊಳಿಸಿದ್ದೆ. ಆದರೆ ಒಮ್ಮೆಯೂ ಒಂದು ಅಚ್ಚನ್ನು ಕೈಯಿಂದ ಮುಟ್ಟಿರಲಿಲ್ಲ.

ಮುಟ್ಟುವವನು ಸಿಕ್ಕಿದ್ದು ಬನಹಟ್ಟಿಯಲ್ಲಿ. ಕಾಡಪ್ಪ ಪವರ್‌ಲೂಮ್ ಫಿಟರ್. ಅವನ ಮಗಳು ನನ್ನ ವಿದ್ಯಾರ್ಥಿನಿ. ಓಡುವ ಮಗ್ಗದ ಮೇಲೆ ಅಂಗೈ ಇಟ್ಟು, ಎಲ್ಲಿ ನೋಯುತ್ತಿದೆ ಎಂದು ಹೇಳುವವನು. ಮಗ್ಗಗಳಿಗೆ ಬಿಡುವಿದ್ದ ದಿನ ಬಂದು, ನಮ್ಮ ಹಿತ್ತಲಿನಲ್ಲಿ ಜೀಪಿನ ಕೆಳಗೆ ನುಸುಳಿ, ಎಲೆ ಅಡಿಕೆ ಜಗಿಯುತ್ತಲೇ ಬಹಳ ಹೊತ್ತು ಮಲಗಿದ್ದ. ನಿದ್ದೆ ಹೋದನೇನೋ ಎಂದುಕೊಂಡೆ.

"ಬಿರುಸಂತ ಈ ಪಟ್ಟಿ ಸ್ಪ್ರಿಂಗ ತಗದ್ರ ಆಗೂದಿಲ್ರಿ, ಮಾಸ್ತರ," ಕೆಳಗಿನಿಂದ ದನಿ ಬಂತು. "ಇದು ಗಾಡಿ ವಜ್ಜಾನೂ ಹೊರತೈತಿ, ಅಚ್ಚು ಹಿಂದ ಮುಂದ ಸರೀದಂಗ ಹಿಡದೂ ಇರತೈತಿ. ಸುರುಳಿ ಸ್ಪ್ರಿಂಗಿಗೆ ವಜ್ಜಾ ಹೊರೂದಷ್ಟ ಗೊತ್ತು. ಹಿಡಿಯಾಕ ಬ್ಯಾರೆ ತೋಳ ಬೇಕು."

ತೋಳು! ಅಂದಿನಿಂದ ನನಗೆ ನಿದ್ದೆಯಲ್ಲೂ ತೋಳು. ಸಾಂಗಲಿಯ ಗುಜರಿಯಲ್ಲಿ ಹಳೆಯ ಕಾರುಗಳ ಸುರುಳಿ ಸ್ಪ್ರಿಂಗು, ಕುಣಿತ ತಡೆಯುವ ಶಾಕುಗಳು ಸಿಕ್ಕವು. ಸಕ್ಕರೆ ಕಾರ್ಖಾನೆಯ ಗುಜರಿಯಲ್ಲಿ ದಪ್ಪ ದಳದ ಪೈಪು ಸಿಕ್ಕಿತು. ತರಗತಿಯಲ್ಲಿ ‘ರಾಮಸ್ಯ ಬಾಹೂ’ ಎಂದು ಹೇಳಿಕೊಡುತ್ತಲೇ ಪೈಪಿನ ಅಳತೆ ನೆನೆಯುತ್ತಿದ್ದೆ. ಕಾಡಪ್ಪ ಲೇತಿನಲ್ಲಿ ಕೊಳವೆ ಕಡೆದು, ರಬ್ಬರು ಬುಶ್ಶು ಕೂರಿಸಿ, ಒಂದೊಂದು ಮೊಳದ ತೋಳುಗಳನ್ನು ಮಾಡಿ, ಅಚ್ಚಿನಿಂದ ಗಾಡಿಯ ಚೌಕಟ್ಟಾದ ಚಾಸಿಗೆ ಜೋಡಿಸಿದ. ವೆಲ್ಡಿಂಗಿನ ಕಿಡಿ ನೋಡಬೇಡಿ ಎಂದು ಅವನು ಹೇಳಿದಷ್ಟೂ ನಾನು ಕದ್ದು ನೋಡಿ, ಎರಡು ದಿನ ಕೆಂಗಣ್ಣು ಹೊತ್ತು ಪಾಠ ಮಾಡಿದೆ.

ಪರೀಕ್ಷೆಯ ಕ್ರಮವನ್ನು ಪದ್ಮಾ ಹಲಗೆಯ ಮೇಲಿಂದಲೇ ಗೊತ್ತುಮಾಡಿದಳು. "ನನ್ನ ಬೆನ್ನಿಗಿಂತ ಮೊದಲ ಕೊಡಾ ಕುಂಡ್ರಸ್ರಿ." ಹಿತ್ತಾಳೆಯ ಕೊಡದಲ್ಲಿ ಕಂಠಮಟ ನೀರು ತುಂಬಿ, ಅವಳ ಸೀಟಿನಲ್ಲಿ ಹಗ್ಗದಿಂದ ಬಿಗಿದು ಹೊರಟೆ. "ಮಾಸ್ತರ, ಕೊಡಾ ತವರಮನಿಗೆ ಹೊಂಟೈತೇನ್ರಿ?" ಎಂದು ಓಣಿಯವರು ಕೇಳಿದರು. ಎರೆಮಣ್ಣಿಗೆ ಇಳಿದ ಕೂಡಲೆ ಉತ್ತರ ಸಿಕ್ಕಿತು. ಗುಂಡಿ ಬಂದಾಗ ಗಾಲಿ ಮೇಲೇಳುವ ಬದಲು ಹಿಂದಕ್ಕೆ ಒದೆಯಿತು. ಕೊಡದ ನೀರೆಲ್ಲ ನನ್ನ ಮೈಮೇಲೆ.

ತೊಯ್ದು ತೊಪ್ಪೆಯಾಗಿ ಹಿತ್ತಲಿಗೆ ಬಂದ ನನ್ನನ್ನು ಕಿಟಕಿಯಿಂದ ನೋಡಿ ಅವಳು ನಗಲಿಲ್ಲ. ಹಲಗೆಯ ಮೇಲೆ ಮಲಗಿ ದಿನವೆಲ್ಲ ಜಂತಿ ನೋಡಿದವಳು ಅವಳು. ಕಾಡಪ್ಪನನ್ನು ಕರೆದು ಹೇಳಿದಳು: "ಜಂತಿಗೆ ತೊಟ್ಟಲಾ ಕಟ್ಟೂವಾಗ ಹಗ್ಗ ಗಿಡ್ಡ ಬಿಟ್ರ ಕೂಸು ಕುಲುಕ್ಯಾಡತೈತಿ. ಉದ್ದ ಬಿಟ್ರ ಸಮಾ ತೂಗತೈತಿ. ನಿಮ್ಮ ತೋಳಾನೂ ಉದ್ದ ಮಾಡಿ ನೋಡ್ರಿ."

ಕಾಡಪ್ಪ ಎಲೆ ಉಗುಳಿ ಬಂದು ದಾರವೊಂದನ್ನು ಕೇಳಿದ. ಒಂದು ತುದಿಯನ್ನು ನಾನು ನೆಲಕ್ಕೆ ಒತ್ತಿ ಹಿಡಿದೆ. ಇನ್ನೊಂದು ತುದಿಗೆ ಇದ್ದಿಲು ಹಿಡಿದು ಅವನು ಹಿತ್ತಲಿನ ಹಾಸುಗಲ್ಲಿನ ಮೇಲೆ, ಗಾಲಿ ಏಳುವ ದಾರಿಯೆಂದು ಎರಡು ಕಮಾನು ಬರೆದ. ಗಿಡ್ಡ ದಾರದ್ದು ತಟ್ಟನೆ ಬಾಗಿ ಹಿಂದಕ್ಕೆ ಓಡಿತು. ಉದ್ದ ದಾರದ್ದು ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿತು. ಇಬ್ಬರೂ ಆ ಗೆರೆಗಳನ್ನು ನೋಡುತ್ತ ಕೂತೆವು. ಇಷ್ಟು ವರ್ಷ ಓದಿದ್ದರಲ್ಲಿ ಯಾವ ಶ್ಲೋಕವೂ ನನ್ನನ್ನು ಹೀಗೆ ನೆಲಕ್ಕೆ ಕೂರಿಸಿರಲಿಲ್ಲ.

ಎರಡು ಮೊಳಕ್ಕೂ ಮೀರಿದ ತೋಳುಗಳು ಬಂದವು. ಜೀಪು ಗುಂಡಿಗಳ ಮೇಲೆ ದೋಣಿಯಂತೆ ತೇಲಿತು, ಆದರೆ ತಿರುವಿನಲ್ಲಿ ಮೈಯೆಲ್ಲ ಒಂದು ಮಗ್ಗುಲಿಗೆ ಸರಿದು ಗಾಲಿ ಮಡ್‌ಗಾರ್ಡಿಗೆ ಉಜ್ಜಿತು. ಕೊಡ ಅರ್ಧ ಖಾಲಿ. "ತೊಟ್ಟಲಾ ಅಡ್ಡಡ್ಡನೂ ತೂಗತೈತಲ್ರಿ, ಬಾಯಾರ," ಎಂದ ಕಾಡಪ್ಪ ಕಿಟಕಿಯ ಕಡೆ ನೋಡಿ. ಮರುವಾರ ಎರಡೂ ಅಚ್ಚುಗಳಿಗೆ ಚಾಸಿಯಿಂದ ಒಂದೊಂದು ಅಡ್ಡ ಸರಳು ಹಾಕಿದ. ಮೂರನೆಯ ಸಲ ಕೊಡ ಸುತ್ತಿಸಿಕೊಂಡು ನಾನು ಬಂದಾಗ ಪದ್ಮಾ ಗೋಡೆ ಹಿಡಿದು ಹಿತ್ತಲಿಗೆ ಬಂದು ನಿಂತಿದ್ದಳು. ತಾನೇ ಕೊಡದಲ್ಲಿ ಕೈ ಇಳಿಸಿ ನೋಡಿದಳು. ನಾಲ್ಕು ಬೆರಳು ನೀರು ಕಡಿಮೆ, ಅಷ್ಟೆ.

"ಇನ್ನ ನಾ ಕುಂಡ್ರತೇನಿ," ಎಂದಳು. ಒಳಗೆ ಹೋಗಿ ಅರ್ಜಿಯನ್ನು ಒಲೆಗೆ ಹಾಕಿದಳು.

ಡಾಕ್ಟರರನ್ನು ಕೇಳಿ, ಬೆನ್ನಿಗೆ ಪಟ್ಟಾ ಬಿಗಿದುಕೊಂಡು, ಮತ್ತೂ ಕೆಲವು ವಾರ ಕಳೆದ ಮೇಲೆ ಹೊರಟಳು. ಹೋಗುವಾಗ ಪ್ರತಿ ಗುಂಡಿಗೂ ಇಬ್ಬರೂ ಉಸಿರು ಹಿಡಿದೆವು. ಹಳ್ಳಿಯ ಹೆಂಗಸರು ಅವಳನ್ನು ಇಳಿಯಲೂ ಬಿಡದೆ ಮುತ್ತಿಕೊಂಡರು. ತಾನಿಲ್ಲದಾಗ ಹುಟ್ಟಿದ ಮಕ್ಕಳನ್ನೆಲ್ಲ ಎತ್ತಿ ನೋಡುವುದರಲ್ಲೇ ಅವಳಿಗೆ ಹೊತ್ತು ಹೋಯಿತು.

ಮರಳುವಾಗ ನಾನು ತೋಳು, ಬುಶ್ಶು, ಸರಳು ಎಂದು ಒಂದೇ ಸಮನೆ ಹೇಳುತ್ತಿದ್ದೆ. ಆ ಕಡೆಯಿಂದ ಹೂಂಗುಟ್ಟುವುದು ನಿಂತಿತು. ತಿರುಗಿ ನೋಡಿದರೆ ಪದ್ಮಾ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಎರೆಮಣ್ಣಿನ ದಾರಿಯಲ್ಲಿ, ಮಿಲಿಟರಿ ಜೀಪಿನಲ್ಲಿ ನಿದ್ದೆ! ನೋವಿನಿಂದ ತಿಂಗಳುಗಟ್ಟಲೆ ನೆಟ್ಟಗೆ ಕಣ್ಣು ಮುಚ್ಚದವಳು. ಮುಂದೆ ಡಾಂಬರು ಕಾಣಿಸಿತು. ಸದ್ದು ಬದಲಾದರೆ ಎಚ್ಚರವಾಗುತ್ತದೆಂದು ಅಲ್ಲೇ ಪಕ್ಕದ ಚಕ್ಕಡಿ ದಾರಿಗೆ ಇಳಿಸಿದೆ. ಅದೂ ಮುಗಿಯುತ್ತ ಬಂದಾಗ ಇನ್ನೊಂದು, ಅದಕ್ಕಿಂತ ಕೆಟ್ಟದ್ದು. ಡಾಂಬರನ್ನು ಕಂಡಲ್ಲೆಲ್ಲ ಅಡ್ಡ ದಾಟಿಸಿ, ಊರನ್ನು ಒಂದು ಮಗ್ಗುಲಿಗೆ ಬಿಟ್ಟು, ಕಬ್ಬಿನ ಹೊಲಗಳ ನಡುವೆ ಗುಂಡಿಗಳನ್ನು ಆರಿಸಿ ಆರಿಸಿ ಓಡಿಸಿದೆ.

ಹುನ್ನೂರಿನ ಆಚೆ ಅವಳು ಕಣ್ಣು ಬಿಟ್ಟಳು.

"ಮನಿ ಬಿಟ್ಟ ಈ ಕಡೆ ಯಾಕ ಬಂದ್ರಿ?"

"ಈ ದಾರಿ ಭಾಳ ಕೆಟ್ಟೈತಿ, ಅದಕ್ಕ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಹೊತ್ತು ಇಳಿಯುತ್ತಿತ್ತು, ಜೈನರಾದ ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಡಬ್ಬಿ ತೆಗೆದು, ಉಳಿದಿದ್ದ ಒಂದೂವರೆ ರೊಟ್ಟಿಯಲ್ಲಿ ಇಡಿಯದನ್ನು ನನಗೆ ಕೊಟ್ಟು, ಅರ್ಧ ತಾನು ತಿಂದಳು. ಕೈ ತೊಳೆದು, ಬೆನ್ನನ್ನು ಸೀಟಿಗೆ ಆನಿಸಿ ನೆಟ್ಟಗೆ ಕೂತಳು.

"ಇನ್ನೊಂದೀಟ ಮುಂದ ಹೋಗೂಣ ನಡೀರಿ," ಎಂದಳು. "ಈ ಸಲ ಎಚ್ಚರಿದ್ದ ನೋಡತೇನಿ."