ಗಾಳಿ ನಿಲ್ಲಲಿ ಎಂದು ಬೇಡಿದವಳು

ರಿಯೋ ನೆಗ್ರೋ ಕಣಿವೆಯಲ್ಲಿ ಗಾಳಿಯನ್ನು ಬೈಯದ ಬಾಯಿಲ್ಲ. ಒಣಹಾಕಿದ ಬಟ್ಟೆ ಹಾರಿಸುತ್ತೆ, ಕಣ್ಣಿಗೆ ಮಣ್ಣು ತುಂಬುತ್ತೆ, ಒಳ್ಳೇ ಮನುಷ್ಯನನ್ನೂ ಸಿಡುಕನನ್ನಾಗಿ ಮಾಡುತ್ತೆ. ಆದರೆ ವಸಂತ ಬಂದು ಸೇಬಿನ ಮರ ಹೂಬಿಟ್ಟಿತೋ, ಅದೇ ಬಾಯಿಗಳು ‘ಬೀಸಪ್ಪಾ, ನಿಲ್ಲಬೇಡಪ್ಪಾ’ ಅಂತ ಗೋಗರೆಯುತ್ತವೆ. ಗಾಳಿ ಆಡುವಷ್ಟು ಹೊತ್ತು ಹೆಪ್ಪುಮಂಜು ಹೂವಿನ ಮೇಲೆ ಕೂರುವುದಿಲ್ಲ. ಗಾಳಿ ಬಿದ್ದು ಆಕಾಶ ಬಿಚ್ಚಿಕೊಂಡಿತೋ, ವರ್ಷದ ಅನ್ನ ಒಂದೇ ಮುಂಜಾವಿನಲ್ಲಿ ಸುಟ್ಟುಹೋಗುತ್ತೆ.

ಹೀಗೆ ಇಡೀ ಕಣಿವೆ ಗಾಳಿಗೆ ಕೈಮುಗಿಯುವಾಗ, ಅದು ನಿಲ್ಲಲಿ ಅಂತ ಒಳಗೊಳಗೇ ಬೇಡುವವಳು ಒಬ್ಬಳಿದ್ದಳು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹಾಗಂದುಕೊಳ್ಳಿ ಬೇಕಾದರೆ. ಒತೀಲಿಯಾಳ ಕಥೆ ಕೇಳಿದ ಮೇಲೆ ಎಡವಟ್ಟು ಅನ್ನುವುದಕ್ಕೆ ನಿಮಗೇ ಬಾಯಿ ಬರುವುದಿಲ್ಲ.

ಅವಳ ತೋಟ ಕಣಿವೆಯ ತಳದಲ್ಲಿ, ಕಾಲುವೆಯ ಕೊನೆಗೆ. ಚಳಿಯೂ ನೀರಿನ ಹಾಗೇ ತಗ್ಗಿಗೆ ಹರಿಯುತ್ತೆ. ಮೇಲಿನ ತೋಟಗಳಿಗೆ ಮುಟ್ಟುವ ಮೊದಲು ಅವಳ ಕಡೇ ಸಾಲಿನಲ್ಲಿ ಬಂದು ಮಡುಗಟ್ಟುತ್ತೆ. ಅದಕ್ಕೇ ಅವಳ ಮಾವನ ಕಾಲದಲ್ಲಿ ಹಳೇ ನೇಗಿಲಿನ ಕಬ್ಬಿಣದ ತಟ್ಟೆಯೊಂದನ್ನು ಅವಳ ಕೊಟ್ಟಿಗೆ ಮುಂದಿನ ಪಾಪ್ಲರ್ ಮರಕ್ಕೆ ನೇತುಹಾಕಿದ್ದರು. ಹುಲ್ಲು ಬೆಳ್ಳಗಾದ ಕೂಡಲೇ ಆ ಮನೆಯವರು ತಟ್ಟೆ ಬಾರಿಸಬೇಕು. ಅದು ಕೇಳಿಸಿದ್ದೇ ತಡ, ನೆರೆಹೊರೆಯವರೆಲ್ಲ ಎದ್ದು ಓಡಿ, ಮರಗಳ ನಡುವೆ ಸಾಲುಸಾಲಾಗಿ ಇಟ್ಟ ಎಣ್ಣೆ ಡಬ್ಬಿಗಳಿಗೆ ಬೆಂಕಿ ಇಡಬೇಕು; ಆ ಕಾವಿಗೆ ಹೂ ಉಳಿಯುತ್ತೆ. ಬಿರುಗಾಳಿಯ ದಿನ ತಟ್ಟೆ ತಾನೇ ಬಡಿದುಕೊಂಡು ಜನರನ್ನು ಸುಮ್ಮನೆ ಎಬ್ಬಿಸಬಾರದು ಅಂತ ಅದಕ್ಕೆ ಗೋಣಿ ಸುತ್ತಿ ಕಟ್ಟುತ್ತಿದ್ದರು. ಈಗ ಎಲ್ಲರ ಜೇಬಲ್ಲೂ ಫೋನು. ಆದರೂ ನಂಬಿಕೆ ಮಾತ್ರ ತಟ್ಟೆಯ ಮೇಲೇ.

ಮದುವೆಯಾದ ಹೊಸದರಲ್ಲಿ ಬಾರಿಸುತ್ತಿದ್ದವನು ಅವಳ ಗಂಡ ಎವಾರಿಸ್ತೋ. ಮಂಜಿನ ಹೊಡೆತ ಮೇಲಿಂದ ಮೇಲೆ ಬಿದ್ದ ಒಂದು ವಸಂತದಲ್ಲಿ, ಡಬ್ಬಿಗಳನ್ನೆಲ್ಲ ಹೊತ್ತಿಸಿ ಬಂದು ಅವನು ಹೆಂಡತಿಗೆ ಹೇಳಿದ: “ಒಂದು ಗಳಿಗೆ ಕೊಟ್ಟಿಗೇಲಿ ಬೆನ್ನು ಚಾಚ್ತೀನಿ ಕಣೇ. ಆಮೇಲೆ ಮತ್ತೆ ಎಣ್ಣೆ ತುಂಬಬೇಕು, ಎಬ್ಬಿಸ್ಬಿಡು.” “ಹೂಂ, ಎಬ್ಬಿಸ್ತೀನಿ, ಹೋಗು” ಅಂದಳು. ಅವನು ಕೆಂಡದ ಬಾನಿ ಒಳಗಿಟ್ಟುಕೊಂಡು, ಚಳಿ ಅಂತ ಬಾಗಿಲು ಹಾಕಿಕೊಂಡ. ಇವಳು ಅಡುಗೆಮನೆಯ ಮೇಜಿಗೆ ತಲೆ ಆನಿಸಿದಳು. ಪಾಪ, ಅವಳೂ ಅವನ ಜತೆಗೇ ಎಷ್ಟೋ ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಎಚ್ಚರವಾದಾಗ ಬಿಸಿಲು ಬಂದಿತ್ತು. ಬಾಗಿಲು ತೆಗೆದರೆ, ಕೆಂಡದ ವಿಷಗಾಳಿ ಕುಡಿದು ಅವನು ಮಲಗಿದ ಹಾಗೇ ಹೋಗಿಬಿಟ್ಟಿದ್ದ.

ಅತ್ತೆ ಹೆಣದ ಮುಂದೆಯೇ ಅಂದಳು: “ಗಂಡ ಸಾಯ್ತಿದ್ರೆ ಗೊರಕೆ ಹೊಡೀತಿದ್ಳು ಮಹಾತಾಯಿ!” ಊರ ಬಾಯಿಗೆ ಬೀಗ ಹಾಕೋಕಾಗುತ್ತಾ? ಅಂಗಡಿಗೆ ಹೋದರೆ “ಏನಮ್ಮಾ, ನಿದ್ದೆ ಆಯ್ತಾ?” ಅಂತ ಕೇಳುವ ಹಲ್ಕಾ ಗಂಡಸರೂ ಇದ್ದರು. ಅವಳು ತಟ್ಟೆ ಬಾರಿಸುವ ಕೆಲಸ ತಾನೇ ತೆಗೆದುಕೊಂಡಳು. ಅಲ್ಲಿಂದೀಚೆಗೆ ಹೂ ಬಿಡುವ ಕಾಲದಲ್ಲಿ ಅವಳು ಹಾಸಿಗೆ ಕಂಡದ್ದಿಲ್ಲ.

ಮರುವರ್ಷದ ಮೊದಲ ಮಂಜಿಗೇ ಎವಾರಿಸ್ತೋ ಬಂದ. ಕಡೇ ಸಾಲಿನ ಆ ತುದಿಯಲ್ಲಿ, ಎಣ್ಣೆ ಕ್ಯಾನು ಹಿಡಿದು, ಬದುಕಿದ್ದಾಗಿನ ಹಾಗೇ ಎಡಗಾಲು ಒಂಚೂರು ಎಳೆಯುತ್ತಾ. ಅವಳಿಗೆ ಭಯವೇ ಆಗಲಿಲ್ಲ. ಆದರೆ ಹುಲ್ಲು ಬೆಳ್ಳಗಾಗಿತ್ತು, ಬಾರಿಸಬೇಕಿತ್ತು. ಬಾರಿಸಿದಳು. ಮೇಲಿನ ತೋಟಗಳಲ್ಲಿ ಬೆಂಕಿ ಎದ್ದು ಕರೀ ಹೊಗೆ ಇಳಿಯಿತು. ಹೊಗೆಯಲ್ಲಿ ಅವನಿಲ್ಲ. ವರ್ಷವರ್ಷವೂ ಇದೇ ಆಯಿತು. ಒಮ್ಮೆ ಗೋಣಿಯ ಗಂಟು ಬಿಗಿಯಾಗಿ, ಬಿಚ್ಚುವುದು ತಡವಾದಾಗ, ಅವನು ಸಾಲಿನ ನಡುವಿನವರೆಗೆ ಬಂದಿದ್ದ. ಆವತ್ತೇ ಅವಳಿಗೆ ತಿಳಿದುಹೋಯಿತು: ಕಾದರೆ ಬರುತ್ತಾನೆ, ಹತ್ತಿರ ಬರುತ್ತಾನೆ. ಒಂದೇ ಮಾತು ಕೇಳಬೇಕಿತ್ತು ಅವಳಿಗೆ, ಆವತ್ತು ನನ್ನನ್ನ ಕೂಗಿದೆಯಾ ಅಂತ. ಅವನು ಕೂಗಿ ತಾನು ಕೇಳದೇ ಹೋದೆನೋ ಅನ್ನುವ ಒಂದೇ ಅನುಮಾನ ಅವಳನ್ನು ಒಳಗಿಂದ ತಿಂದುಹಾಕಿತ್ತು. ಆದರೂ, ನೋಡಿ, ಅವಳು ಕಾಯಲಿಲ್ಲ. ಮುದುಕಿಯಾಗುವವರೆಗೂ ಪ್ರತಿಸಲ ಬಾರಿಸಿದಳು.

ಈ ವರ್ಷ ತೋಟಗಾರರ ಸಂಘದವರು ಬಂದು, ಅವಳ ತೋಟದ ನಡುವೆ ದೊಡ್ಡ ಗಾಳಿಯಂತ್ರದ ಕಂಬ ನೆಡುತ್ತೇವೆ ಅಂದರು. ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆ ತಳ್ಳುತ್ತಂತೆ.

“ಬರೋ ವಸಂತದಿಂದ ಇಲ್ಲಿ ಮಂಜೇ ಕೂರಲ್ಲ ಅಜ್ಜಿ! ನೀನು ಕಾಲು ಚಾಚ್ಕೊಂಡು ಮಲಗ್ಬೋದು” ಅಂತ ಪಕ್ಕದ ತೋಟದ ರೆಮೀಹಿಯೋ ಕುಣಿದಾಡಿದ. ಗುತ್ತಿಗೆಗೆ ತೆಗೆದುಕೊಂಡ ತೋಟದಲ್ಲಿ ಅವನಿಗಿದು ಮೊದಲ ಬೆಳೆ. ಹೆಂಡತಿ ನೀಲ್ದಾ ತುಂಬು ಬಸುರಿ.

ಒತೀಲಿಯಾ ನಗಲಿಲ್ಲ. ಮಂಜು ಕೂರದಿದ್ದರೆ ಅವನು ಬರುವುದು ಎಲ್ಲಿಗೆ? ಇನ್ನು ಇದೊಂದೇ ವಸಂತ.

ರೇಡಿಯೋದಲ್ಲಿ ವಸಂತದ ಮುನ್ಸೂಚನೆ ಓದಿದರು: ತಡವಾಗಿ ಹೆಪ್ಪುಮಂಜು, ನಡುನಡುವೆ ಜೋರು ಬಿರುಗಾಳಿ. ಹೂ ಪೂರ್ತಿ ಅರಳಿದ ವಾರದಲ್ಲಿ ಬಿರುಗಾಳಿಯೇ ಬಂತು, ಪಾಪ್ಲರ್ ಮರಗಳು ನೆಲಕ್ಕೆ ಬಗ್ಗುವಷ್ಟು. ‘ನಾಳೆ ಬೆಳಗಿನವರೆಗೂ ಹೀಗೇ ಬೀಸುತ್ತೆ, ಮಂಜಿನ ಭಯವಿಲ್ಲ’ ಅಂದಿತು ರೇಡಿಯೋ. ಕಣಿವೆಗೆ ಕಣಿವೆಯೇ ನಿಟ್ಟುಸಿರು ಬಿಟ್ಟು ಮಲಗಿತು. ರೆಮೀಹಿಯೋ ಸಂಜೆ ಬಂದು ತಟ್ಟೆಗೆ ಗೋಣಿ ಸುತ್ತಿ, “ಇವತ್ತಾದ್ರೂ ಮಲಗಜ್ಜಿ, ಗೂಬೆ ಥರ ಕೂರ್ಬೇಡ” ಅಂತ ರೇಗಿಸಿ ಹೋದ. ಅವಳು ಶಾಲು ಹೊದ್ದು, ಬಿಸಿ ಮಾಟೆ ಎಲೆಯ ಕಷಾಯ ಹೀರುತ್ತಾ, ಕೊಟ್ಟಿಗೆ ಮುಂದಿನ ಬೆಂಚಿನ ಮೇಲೆ ಕೂತಳು.

ಬೆಳಕು ಹರಿಯುವುದಕ್ಕೆ ಮುಂಚೆ ಗಾಳಿ ಬಿತ್ತು. ಯಾರೋ ಬಾಯಿ ಮುಚ್ಚಿದ ಹಾಗೆ, ಒಮ್ಮೆಲೇ. ಎಲೆಯೂ ಅಲ್ಲಾಡದು. ಹುಲ್ಲು ಅವಳ ಕಣ್ಣೆದುರೇ ಬೆಳ್ಳಗಾಗತೊಡಗಿತು. ಅವಳು ಎದ್ದಳು, ಗೋಣಿ ಬಿಚ್ಚಿದಳು, ಕಬ್ಬಿಣದ ಸಲಾಕೆ ಕೈಗೆ ತಗೊಂಡಳು. ಸಾಲಿನ ತುದಿಯಲ್ಲಿ ಅವನು ಬಂದ.

‘ಒಂದು ಸಲ, ದೇವರೇ, ಒಂದೇ ಒಂದು ಸಲ’ ಅಂದುಕೊಂಡಳು. ಸಲಾಕೆ ಹಿಡಿದ ಕೈ ಕೆಳಗಿಳಿಯಿತು.

ಅವನು ಬಂದ, ಸಾಲಿನ ನಡುವನ್ನು ದಾಟಿ, ಅವಸರವಿಲ್ಲದೆ. ಒಂದೊಂದು ಮರದ ಹತ್ತಿರವೂ ನಿಂತು ಹೂ ಮುಟ್ಟಿ ನೋಡುತ್ತಾ ಬಂದ. ಬಾರಿಸು, ಬಾರಿಸು ಅಂತ ಒಂದು ಮನಸ್ಸು; ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಅಂತ ಇನ್ನೊಂದು. ಕೊನೆಗೆ ಕೈಯಳತೆಯಲ್ಲಿ ಬಂದು ನಿಂತ. ಅಯ್ಯೋ, ಎಷ್ಟು ಚಿಕ್ಕ ಹುಡುಗ! ಮೀಸೆ ಕೂಡ ಸರಿಯಾಗಿ ದಟ್ಟವಾಗಿಲ್ಲ. ಅವಳು ಬಾಯಿ ತೆರೆಯುವ ಮೊದಲು ಅವನೇ, ಪರವೂರಿನವರನ್ನು ಮಾತಾಡಿಸುವ ಮರ್ಯಾದೆಯಲ್ಲಿ, ಟೋಪಿ ತೆಗೆದು ಕೇಳಿದ:

“ಅಜ್ಜೀ, ನನ್ನ ಹೆಂಡ್ತೀನ ಕಂಡ್ರಾ? ಎಬ್ಬಿಸ್ತೀನಿ ಅಂದಿದ್ಳು. ಇನ್ನೂ ಬರ್ಲಿಲ್ಲ.”

“ಎವಾರಿಸ್ತೋ, ನಾನೇ ಕಣೋ...” ಅಂದಳು. ಅವನು ಅವಳ ಸುಕ್ಕುಮುಖವನ್ನೇ ಒಂದಿಷ್ಟು ಹೊತ್ತು ನೋಡಿದ. ಗುರುತು ಹತ್ತಲಿಲ್ಲ. ತಲೆಯಾಡಿಸಿ, ಕ್ಯಾನು ಎತ್ತಿಕೊಂಡು, ಬಂದ ದಾರಿಯಲ್ಲೇ ಹೋದ. ಆಗ ಅವಳು ಬಾರಿಸಿದಳು. ಹುಚ್ಚು ಹಿಡಿದವಳ ಹಾಗೆ, ಭುಜ ಕಳಚಿ ಬೀಳುವ ಹಾಗೆ ಬಾರಿಸಿದಳು. ಮೇಲಿನ ತೋಟಗಳವರು ಓಡಿ ಬಂದು ಬೆಂಕಿ ಹಚ್ಚಿದರು, ಅವರ ಹೂ ಉಳಿಯಿತು. ತಗ್ಗಿನಲ್ಲಿದ್ದ ಅವಳ ತೋಟ, ಪಕ್ಕದ ರೆಮೀಹಿಯೋನ ತೋಟ ಉಳಿಯಲಿಲ್ಲ.

ಬಿಸಿಲೇರಿದ ಮೇಲೆ ರೆಮೀಹಿಯೋ ಕೆಂಗಣ್ಣು ಒರೆಸಿಕೊಳ್ಳುತ್ತಾ ಬಂದ. ಅವಳು ಅವನ ಕೈ ಹಿಡಿದುಕೊಂಡಳು.

“ನಾನು ಎಚ್ಚರವಾಗೇ ಇದ್ದೆ ಕಣೋ. ಬೇಕಂತಲೇ ಹೊತ್ತಿಗೆ ಸರಿಯಾಗಿ ಬಾರಿಸ್ಲಿಲ್ಲ.”

“ಬಿಡಜ್ಜಿ, ಏನೇನೋ ಮಾತಾಡ್ಬೇಡ. ವಯಸ್ಸಾಯ್ತು, ಕಣ್ಣು ಹತ್ತಿರುತ್ತೆ. ರೇಡಿಯೋನೇ ಸುಳ್ಳು ಹೇಳ್ದಾಗ ನೀನೇನು ಮಾಡ್ತೀಯ? ಯಾರೂ ನಿನ್ನ ಏನೂ ಅನ್ನಲ್ಲ.”

ಹೌದು, ಯಾರೂ ಏನೂ ಅನ್ನಲಿಲ್ಲ. ನಿಜವಾಗಿ ಕಣ್ಣು ಹತ್ತಿದ ದಿನ ಬಾಯಿಗೆ ಬಂದ ಹಾಗೆ ಆಡಿದ ಕಣಿವೆ, ಕಣ್ಣು ಬಿಟ್ಟುಕೊಂಡು ಕೂತಿದ್ದ ದಿನ ಅವಳ ನಿದ್ದೆಯನ್ನು ಕ್ಷಮಿಸಿಬಿಟ್ಟಿತು. ಒಬ್ಬರಾದರೂ ಬೈಯಬಾರದೇ ಅಂತ ಅವಳ ಜೀವ ಹಪಹಪಿಸಿತು.

ಮಧ್ಯಾಹ್ನ ನೀಲ್ದಾ ಒಬ್ಬಳೇ ಬೇಲಿಯ ಹತ್ತಿರ ಹೂ ಕೀಳುತ್ತಾ ನಿಂತಿದ್ದಳು. ಒಂದೊಂದನ್ನೂ ಉಗುರಿನಿಂದ ಸೀಳಿ ಒಳಗಿನ ತಿರುಳು ನೋಡುತ್ತಿದ್ದಳು. ಎಲ್ಲದರ ಒಳಗೂ ಕಪ್ಪು. ಒತೀಲಿಯಾ ಅವಳ ಹತ್ತಿರ ಹೋಗಿ ಅದೇ ಮಾತು ಹೇಳಿದಳು. ನೀಲ್ದಾ ‘ಬಿಡಜ್ಜಿ’ ಅನ್ನಲಿಲ್ಲ. ಮುದುಕಿಯ ಮುಖವನ್ನೇ ನೋಡಿದಳು.

“ಯಾಕೆ ಬಾರಿಸ್ಲಿಲ್ಲ?”

“ನನ್ನ ಗಂಡ ಬರ್ತಿದ್ದ. ಹತ್ರ ಬರ್ಲಿ ಅಂತ ಕಾದೆ.”

“ಬಂದ್ರಾ?”

“ಬಂದ.”

“ಏನಂದ್ರು?”

“ನನ್ನ ಗುರುತೇ ಹತ್ಲಿಲ್ಲ ಅವನಿಗೆ.”

ನೀಲ್ದಾ ಕೈಯಲ್ಲಿದ್ದ ಹೂಗಳನ್ನು ಕೆಳಗೆ ಬಿಟ್ಟು, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು.

“ನಮ್ಮ ತೋಟ ಪೂರ್ತಿ ಕೊಟ್ಟು, ಅಷ್ಟೇನಾ ಅಜ್ಜಿ ನೀನು ತಗೊಂಡಿದ್ದು?” ಅಂದಳು. ಆಮೇಲೆ ತಿರುಗಿ ಮನೆ ಕಡೆ ನಡೆದಳು. ಮುದುಕಿಯ ಮಾತನ್ನು ನಂಬಿದವಳು ಆ ಕಣಿವೆಯಲ್ಲಿ ನೀಲ್ದಾ ಒಬ್ಬಳೇ.